ಕನ್ನಡಿ ಮನೆಯಲ್ಲಿ ದುಬಾರಿ ಬಂದೂಕು

ಅಕ್ಕ ಆ ಡಬ್ಬ ಹೊತ್ತು ಮೆಟ್ಟಿಲು ಹತ್ತಿ ಬಂದಾಗ ತಮ್ಮ ಮೊದಲು ನೋಡಿದ್ದು ಡಬ್ಬವನ್ನಲ್ಲ, ಅದರ ಬದಿಗೆ ಅಂಟಿಸಿದ್ದ ಬೆಲೆಯ ಚೀಟಿಯನ್ನು. ನೋಡಿದ, ಕನ್ನಡಕ ತೆಗೆದು ಒರೆಸಿದ, ಮತ್ತೆ ನೋಡಿದ. ಸೊನ್ನೆಗಳು ಅಷ್ಟೇ ಇದ್ದವು. ಕುರ್ಚಿ ಎಳೆದುಕೊಂಡು ಕೂತ.

“ಏನಿದು?”

“ಬಂದೂಕು.”

“ಯಾರನ್ನ ಹೊಡೀಬೇಕು?”

“ಇನ್ನೂ ತೀರ್ಮಾನ ಮಾಡಿಲ್ಲ. ನೀನು ಹೀಗೇ ಪ್ರಶ್ನೆ ಕೇಳ್ತಾ ಕೂತ್ರೆ ಸುಲಭ ಆಗುತ್ತೆ.”

ಹೆದರಬೇಡಿ, ಜೀವ ತೆಗೆಯುವ ಬಂದೂಕಲ್ಲ ಅದು. ಟೀವಿಯ ಮುಂದೆ ನಿಂತು ಆಡುವ ಆಟದ ಬಂದೂಕು, ಲೈಟ್ ಗನ್ ಅನ್ನುತ್ತಾರಲ್ಲ, ಆ ಜಾತಿಯದು. ಪರದೆಯ ಮೇಲೆ ತಟ್ಟೆ ಹಾರುತ್ತದೆ, ಗುರಿ ಇಟ್ಟು ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಎಳೆದರೆ ತಟ್ಟೆ ಚೂರಾಗುತ್ತದೆ. ಅಂಥ ಬಂದೂಕುಗಳು ಆಟಿಕೆ ಅಂಗಡಿಯಲ್ಲಿ ಬುಟ್ಟಿಗಟ್ಟಲೆ ಬಿದ್ದಿರುತ್ತವೆ. ಆದರೆ ಅಕ್ಕ ತಂದದ್ದು ಬುಟ್ಟಿಯ ಮಾಲಲ್ಲ. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತಿತ್ತು, ಕುದುರೆ ಎಳೆದರೆ ಅಂಗೈಗೆ ಒದೆಯುತ್ತಿತ್ತು, ಅದರ ಮೂತಿಯೊಳಗೆ ಸಾಸಿವೆ ಕಾಳಿನಷ್ಟು ಚಿಕ್ಕ ಕ್ಯಾಮೆರಾ ಇತ್ತು. ಟೀವಿಯ ನಾಲ್ಕು ಮೂಲೆಗೆ ಅಂಟಿಸಲು ನಾಲ್ಕು ಪುಟ್ಟ ದೀಪಗಳು. ಆ ದೀಪಗಳ ಬೆಳಕು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ, ಬಂದೂಕಿಗೆ ಮಾತ್ರ ಕಾಣುತ್ತದೆ. ನಾಲ್ಕನ್ನೂ ನೋಡಿ ತಾನು ಪರದೆಯ ಯಾವ ಚುಕ್ಕೆಗೆ ಗುರಿ ಇಟ್ಟಿದ್ದೇನೆಂದು ಅದು ಕೂದಲೆಳೆ ತಪ್ಪದಂತೆ ಲೆಕ್ಕ ಹಾಕುತ್ತದೆ ಎಂದು ಅಂಗಡಿಯವನು ಎದೆ ತಟ್ಟಿ ಹೇಳಿದ್ದ. ಏಳು ದಿನದೊಳಗೆ ಮನಸ್ಸಿಗೆ ಬರದಿದ್ದರೆ ವಾಪಸ್ ತಗೋತೀನಿ ಎಂದೂ ಹೇಳಿದ್ದ.

“ಈ ದುಡ್ಡಿಗೆ ಒಂದು ವಾಷಿಂಗ್ ಮಷೀನ್ ಬರ್ತಿತ್ತು,” ಅಂದ ತಮ್ಮ.

“ಬಟ್ಟೆ ಒಗೆಯೋಕೆ ನೀನಿದ್ದೀಯಲ್ಲ,” ಅಂದಳು ಅಕ್ಕ.

ಒಳಗೆ ಸಮವಸ್ತ್ರ ಬಿಚ್ಚುತ್ತಿದ್ದ ತಮ್ಮನ ಹೆಂಡತಿ ಗೊಳ್ಳೆಂದು ನಕ್ಕಳು. ಆಕೆ ಸಿಟಿ ಬಸ್ಸಿನ ಡ್ರೈವರ್. ಬೀದಿಯವರೆಲ್ಲ ಡ್ರೈವರಮ್ಮ ಅನ್ನುತ್ತಿದ್ದರು, ಮನೆಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು.

ಇಷ್ಟಕ್ಕೂ ಐವತ್ತನಾಲ್ಕರ ಹೆಂಗಸಿಗೆ ಆಟದ ಬಂದೂಕು ಯಾತಕ್ಕೆ ಅಂತೀರೇನೋ. ತಮ್ಮನೂ ಅದನ್ನೇ ಕೇಳಿದ, ಬೀದಿಯೂ ಕೇಳಿತು. ಹೇಳುತ್ತೇನೆ ಕೇಳಿ.

ಅವರದು ಕನ್ನಡಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ತಂದೆಯ ಕಾಲದಿಂದಲೂ ತಮ್ಮ ಕೌಂಟರಿನಲ್ಲಿ ಕೂತು ಗಿರಾಕಿಗಳನ್ನು ಮಾತಾಡಿಸುವವನು, ಸಾಮಾನು ಖರೀದಿ ಮಾಡುವವನು. ಅಕ್ಕ ಗಾಜು ಕೊಯ್ಯುವವಳು. ಹದಿನಾರನೇ ವಯಸ್ಸಿಗೆ ಕೈಗೆ ಹಿಡಿದ ಗಾಜು ಕೊಯ್ಯುವ ಪುಟ್ಟ ಗಾಲಿಯನ್ನು ಅವಳು ಮತ್ತೆ ಕೆಳಗಿಟ್ಟಿರಲಿಲ್ಲ. ಮೇಜಿನ ಮೇಲೆ ಗಾಜಿನ ಹಾಳೆ ಹಾಸಿ, ಅಳತೆ ಗುರುತು ಮಾಡಿ, ಒಂದೇ ಉಸಿರಿನಲ್ಲಿ ಗೀರು ಎಳೆದು, ಎರಡು ಹೆಬ್ಬೆರಳಿನಿಂದ ಒತ್ತಿದಳೆಂದರೆ ಗಾಜು ಹೇಳಿದ ಮಾತು ಕೇಳುತ್ತಿತ್ತು. ವೃತ್ತವಾದರೂ ಸರಿ, ಮೊಟ್ಟೆಯಾಕಾರವಾದರೂ ಸರಿ, ಅಚ್ಚು ಇಲ್ಲದೆ ಬರೀ ಕಣ್ಣಳತೆಯಲ್ಲಿ ಕೊಯ್ಯುತ್ತಿದ್ದಳು. ನಾಲ್ಕು ಬೀದಿಯಾಚೆಯ ಬಡಗಿಗಳೂ “ಅಕ್ಕನ ಕೈಲೇ ಕೊಯ್ಸಿ” ಎಂದು ಹೇಳಿ ಕಳಿಸುತ್ತಿದ್ದರು.

ಹೋದ ತಿಂಗಳು ಎರಡು ಕನ್ನಡಿ ವಾಪಸ್ ಬಂದವು. ಎರಡೂ ಆಳೆತ್ತರದವು. ಒಂದು ದರ್ಜಿಯದು, ಒಂದು ಕ್ಷೌರದ ಅಂಗಡಿಯದು. ಎರಡೂ ಚೌಕಟ್ಟಿಗೆ ಗಿಡ್ಡವಾಗಿದ್ದವು. ಮೂವತ್ತೆಂಟು ವರ್ಷದಲ್ಲಿ ಹಾಗಾಗಿರಲಿಲ್ಲ. ತಮ್ಮ ಗದರಲಿಲ್ಲ, ರೇಗಲಿಲ್ಲ. ರೇಗಿದ್ದರೆ ಅವಳೂ ಎರಡು ಮಾತು ಜಡಿದು ಹಗುರಾಗುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ, “ಅಕ್ಕ, ನಿನ್ನ ಕಣ್ಣು ಮೊದಲಿನ ಹಾಗಿಲ್ಲ. ಅದರಲ್ಲಿ ನಾಚಿಕೆ ಪಡೋದೇನಿಲ್ಲ. ಬರೋ ತಿಂಗಳಿಂದ ಕೊಯ್ಯೋ ಕೆಲಸ ಯಂತ್ರದವರಿಗೆ ಕೊಟ್ಟುಬಿಡೋಣ. ನೀನು ಕೌಂಟರಲ್ಲಿ ಕೂತ್ಕೋ, ಆರಾಮಾಗಿ.”

ಆರಾಮಾಗಿ. ಆ ಒಂದು ಮಾತು ಅವಳಿಗೆ ಚುಚ್ಚಿತು. ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಕೊನೆಯ ಸಾಲಿನ ತನಕ ಓದಿದಳು. ಕಣ್ಣು ಚೆನ್ನಾಗಿದೆ ಅಂದರು. ಆದರೆ ಅಕ್ಷರ ಓದುವುದು ಬೇರೆ, ಕಣ್ಣು ತೋರಿಸಿದ ಜಾಗಕ್ಕೆ ಕೈ ನೆಟ್ಟಗೆ ಹೋಗುವುದು ಬೇರೆ. ಅದನ್ನು ಯಾವ ಡಾಕ್ಟರು ಅಳೆಯುತ್ತಾರೆ?

ಆಗ ಅವಳಿಗೆ ನೆನಪಾದದ್ದು ಬೀದಿಯ ಕೊನೆಯಲ್ಲಿ ಒಂದು ಕಾಲಕ್ಕೆ ಇದ್ದ ವಿಡಿಯೋ ಗೇಮ್ ಅಂಗಡಿ. ಇಪ್ಪತ್ತರ ಪ್ರಾಯದಲ್ಲಿ ಮಧ್ಯಾಹ್ನದ ಬಿಡುವಿಗೆ ಅಲ್ಲಿಗೆ ಓಡುತ್ತಿದ್ದಳು. ಒಂದೇ ಒಂದು ನಾಣ್ಯ ಹಾಕಿ ಒಂದು ಗಂಟೆ ತಟ್ಟೆ ಹೊಡೆಯುತ್ತಿದ್ದಳು. ಸೋತರೆ ತಾನೇ ಇನ್ನೊಂದು ನಾಣ್ಯ ಹಾಕುವುದು? ಕೊನೆಕೊನೆಗೆ ಅವಳು ಬರುವುದು ಕಂಡರೆ ಸಾಕು, ಮಾಲೀಕ ಯಂತ್ರಕ್ಕೆ ‘ಕೆಟ್ಟಿದೆ’ ಎಂಬ ಹಲಗೆ ನೇತುಹಾಕಿ ಮುಖ ತಿರುಗಿಸಿ ನಿಲ್ಲುತ್ತಿದ್ದ. ಕಣ್ಣೂ ಕೈಯೂ ಒಟ್ಟಿಗಿವೆಯೋ ಇಲ್ಲವೋ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಅವಳಿಗೆ ಗೊತ್ತಿರಲಿಲ್ಲ. ಹೋಗಿ ಬಂದೂಕು ಕೊಂಡಳು. ಅಗ್ಗದ್ದನ್ನು ಕೈಯಲ್ಲೂ ಮುಟ್ಟಲಿಲ್ಲ. ಪರೀಕ್ಷೆ ಮಾಡುವ ವಸ್ತುವೇ ಸುಳ್ಳು ಹೇಳಿದರೆ ಪರೀಕ್ಷೆ ಯಾವ ಸುಖಕ್ಕೆ?

ಮರುದಿನ ತಮ್ಮನೂ ಒಂದು ಬಂದೂಕು ತಂದ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕು, ಬುಟ್ಟಿಯ ಮಾಲು. ಅಕ್ಕನ ಬಂದೂಕಿನ ಬೆಲೆಗೆ ಅಂಥವು ಇಪ್ಪತ್ತು ಬರುತ್ತಿದ್ದವು. ಅದಕ್ಕೆ ಟೀವಿ ಕಾಣುವುದಿಲ್ಲ, ದೀಪವೂ ಬೇಡ. ಹಿಡಿದವರ ಮಣಿಕಟ್ಟು ಎಷ್ಟು ತಿರುಗಿತು ಎಂದು ಅಂದಾಜು ಮಾಡಿ ಪರದೆಯ ಮೇಲೆ ಒಂದು ಚುಕ್ಕೆಯನ್ನು ಓಡಿಸುತ್ತದೆ, ಅಷ್ಟೇ. ಹಗ್ಗ ಹಿಡಿದು ಎಳೆದ ಕರುವಿನಂತೆ ಆ ಚುಕ್ಕೆ ಕೈಯ ಹಿಂದೆ ಹಿಂದೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ದಾರಿ ತಪ್ಪಿ ಮೂಲೆ ಸೇರುತ್ತಿತ್ತು, ಆಗ ಒಂದು ಗುಂಡಿ ಒತ್ತಿ ಅದನ್ನು ಮತ್ತೆ ನಡುವಿಗೆ ಕರೆತರಬೇಕು.

“ನೋಡು, ಇದೂ ಹೊಡೆಯುತ್ತೆ,” ಅಂದ ತಮ್ಮ, ಒಂದು ತಟ್ಟೆ ಒಡೆದು. “ನೀನು ಸುರಿದಿರೋ ದುಡ್ಡಲ್ಲಿ ಹತ್ತೊಂಬತ್ತು ಪಾಲು ಬರೀ ಜಂಬಕ್ಕೆ.”

ಅಕ್ಕನಿಗೆ ಅದೆಲ್ಲಿತ್ತೋ ಸಿಟ್ಟು. “ಹಾಗಾದ್ರೆ ಕೇಳು. ಭಾನುವಾರ ಸಂಜೆ ನಾಲ್ಕಕ್ಕೆ ನೂರು ತಟ್ಟೆ. ನಿನ್ನ ಕಿತ್ತಳೆ ನಿನಗೆ, ನನ್ನ ಜಂಬ ನನಗೆ. ನಾನು ಸೋತ್ರೆ ಬಂದೂಕೂ ವಾಪಸ್, ಕೊಯ್ಯೋ ಮೇಜೂ ಬಿಟ್ಟೆ. ನೀನು ಹೇಳಿದ ಹಾಗೆ ಕೌಂಟರಲ್ಲಿ ಕೂತ್ಕೋತೀನಿ, ಆರಾಮಾಗಿ. ಗೆದ್ದೆ ಅಂದ್ರೆ ಯಂತ್ರದವರ ಹೆಸರು ಈ ಮನೇಲಿ ಎತ್ತಬಾರದು.”

“ಅಕ್ಕ, ಹಾಗಲ್ಲ—”

“ಮಾತು ಅಂದ್ರೆ ಮಾತು.”

ಸಿಟ್ಟಿನಲ್ಲಿ ಆಡಿದ ಮಾತು. ಆಡಿಯಾಗಿತ್ತು. ಡ್ರೈವರಮ್ಮ ಇಬ್ಬರ ಮುಖವನ್ನೂ ನೋಡಿ, ಈ ಅಕ್ಕ ತಮ್ಮಂದಿರ ನಡುವೆ ಬಾಯಿ ಹಾಕುವುದಕ್ಕಿಂತ ಸಂಜೆಯ ನೂಕುನುಗ್ಗಲಿನಲ್ಲಿ ಬಸ್ಸು ಓಡಿಸುವುದೇ ವಾಸಿ ಎಂದುಕೊಂಡು ಅಡುಗೆಮನೆಗೆ ಹೋದಳು.

ಆ ಸಂಜೆಯೇ ಬಂದೂಕು ಜೋಡಿಸಿದರು. ಡ್ರೈವರಮ್ಮ ಸೂಚನೆಯ ಪುಸ್ತಕವನ್ನು ಜೋರಾಗಿ ಓದಿದಳು. ‘ಪರದೆಯ ಆಸುಪಾಸಿನಲ್ಲಿ ಬೆಳಕು ಪ್ರತಿಫಲಿಸುವ ಹೊಳೆಯುವ ವಸ್ತುಗಳು ಇರಬಾರದು.’ ಸರಿ ಎಂದು ಸ್ಟೀಲಿನ ಜಗ್ಗು ತೆಗೆದರು, ಗಿಲೀಟು ಗಡಿಯಾರ ಇಳಿಸಿದರು, ಗಾಜಿನ ಹೂದಾನಿ ಒಳಗಿಟ್ಟರು, ಕಿಟಕಿಯ ಪರದೆ ಎಳೆದರು. ಅಲ್ಲಿಗೆ ಹೊಳೆಯುವ ಸಾಮಾನೆಲ್ಲ ಮುಗಿಯಿತು ಎಂದು ಮೂವರೂ ಕೈ ಕೊಡವಿಕೊಂಡರು.

ಅಕ್ಕ ಗುರಿ ಇಟ್ಟಳು. ತಟ್ಟೆ ಎಡಗಡೆಯಿಂದ ಹಾರಿತು. ಕುದುರೆ ಎಳೆದಳು. ಗುಂಡು ಬಲಗಡೆಯ ಮೇಲ್ಮೂಲೆಗೆ ಹೋಯಿತು. ಮತ್ತೆ ಎಳೆದಳು. ಕೆಳಗೆ ಹೋಯಿತು. ನೂರಕ್ಕೆ ಮೂವತ್ತೆಂಟು. ತಮ್ಮ ಕಿತ್ತಳೆ ಬಂದೂಕು ಹಿಡಿದು ಮೊದಲನೇ ಸಲಕ್ಕೇ ಅರವತ್ತು ಹೊಡೆದ. ಪಾಪ, ಅವನು ಕುಣಿದಾಡಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡು, “ಹೊಸದಲ್ವಾ, ಕೈ ಕೂರಬೇಕು,” ಅಂದ. ಅಕ್ಕನಿಗೆ ಅದು ಇನ್ನೂ ಉರಿಯಿತು.

ಬುಧವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಆಡಿದಳು, ನಲವತ್ತೊಂದು. ಗುರುವಾರ ಇಪ್ಪತ್ತೊಂಬತ್ತು. ದೀಪಗಳನ್ನು ಕಿತ್ತು ಮತ್ತೆ ಅಂಟಿಸಿದಳು. ಬಂದೂಕನ್ನು ಹೊಸದಾಗಿ ಹೊಂದಿಸಿದಳು. ನಿಂತು ಆಡಿದಳು, ಕೂತು ಆಡಿದಳು, ಒಂದು ಕಣ್ಣು ಮುಚ್ಚಿ ಆಡಿದಳು. ಅಂಗಡಿಯವನಿಗೆ ಫೋನ್ ಮಾಡಿದಳು. “ನೂರಾರು ಜನ ತಗೊಂಡಿದ್ದಾರೆ, ಒಬ್ರೂ ದೂರು ಹೇಳಿಲ್ಲ,” ಅಂದ ಅವನು. ಅಂದರೆ ಬಂದೂಕು ಸರಿಯಿದೆ. ಸರಿಯಿಲ್ಲದ್ದು ಯಾವುದು ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಶುಕ್ರವಾರ ಕೆಳಗೆ ಮೇಜಿನ ಮುಂದೆ ನಿಂತಾಗ ಅವಳ ಕೈ ಗಾಜಿನ ಮೇಲೆ ಬಂದು ಹಾಗೇ ನಿಂತಿತು. ಸಣ್ಣ ಕೆಲಸ, ಫೋಟೋ ಚೌಕಟ್ಟಿನ ಗಾಜು. ಕಣ್ಣು ಮುಚ್ಚಿ ಕೊಯ್ಯುವಂಥದ್ದು. ಒಂದು ಸಲ ಅಳೆದಳು, ಎರಡು ಸಲ ಅಳೆದಳು, ಮೂರನೇ ಸಲ ಅಳೆಯುವಾಗ ತನ್ನ ಮೇಲೆ ತನಗೇ ನಂಬಿಕೆ ಹೋಗಿದೆ ಎಂದು ತಿಳಿಯಿತು. ಅವಳಿಗೆ ಹೆದರಿಕೆಯಾಯಿತು. ಗಂಡ ತೀರಿಹೋದಾಗ ಈ ಮೇಜು ಇತ್ತು, ತಂದೆ ಹೋದಾಗ ಈ ಮೇಜು ಇತ್ತು. ಎಲ್ಲಾದರೂ ಹೋಗಿ ಅಳುವ ಬದಲು ಇಲ್ಲಿಗೆ ಬಂದು ಗೀರು ಎಳೆದಿದ್ದಳು. ಮೇಜೂ ಹೋದರೆ ಎಲ್ಲಿಗೆ ಹೋಗುವುದು? ಗಾಜು ಸರಿಯಾಗಿಯೇ ಮುರಿಯಿತು. ಆದರೂ ಅವಳು ಅದನ್ನು ನಾಲ್ಕನೇ ಸಲ ಅಳೆದಳು.

ಶನಿವಾರ ಅವಳು ಬಂದೂಕು ಮುಟ್ಟಲೇ ಇಲ್ಲ.

ಭಾನುವಾರ ಮಧ್ಯಾಹ್ನ ಡ್ರೈವರಮ್ಮ ಪಾಳಿ ಮುಗಿಸಿ ಬಂದಳು. ಅಕ್ಕ ಡಬ್ಬದ ಮುಂದೆ ಕೂತು ಬಂದೂಕನ್ನು ಮೊದಲಿನಂತೆಯೇ ಹೊದಿಕೆಯಲ್ಲಿ ಸುತ್ತಿಡುವುದು ಹೇಗೆಂದು ನೋಡುತ್ತಿದ್ದಳು. ಪಂದ್ಯ ಇನ್ನೂ ಆಗಿರಲಿಲ್ಲ. ಆದರೆ ಸೋಲು ಎಂದೋ ಆಗಿಹೋಗಿತ್ತು.

“ಏನಕ್ಕಾ, ಆಗಲೇ ಗಂಟು ಮೂಟೆ ಕಟ್ತಿದ್ದೀರಿ?”

“ಬಂದೂಕು ಕೊಟ್ಟವನು ಸಂಜೆ ಆರಕ್ಕೆ ಅಂಗಡಿ ಮುಚ್ತಾನೆ. ಆಟ ಆದ್ಮೇಲೆ ಓಡಬೇಕಲ್ಲ.”

ಡ್ರೈವರಮ್ಮ ಬಂದು ಆ ಹೊದಿಕೆಯನ್ನು ಪಕ್ಕಕ್ಕೆ ಸರಿಸಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಹೆಂಗಸಿಗೆ ಬಸ್ಸು ಓಡಿಸುವ ಕೆಲಸ ಯಾಕೆ ಎಂದು ಮನೆಗೆ ಬಂದವರೆಲ್ಲ ಮೂಗು ಮುರಿದಾಗ, ಅವರ ಮೂಗಿಗೆಲ್ಲ ಉತ್ತರ ಕೊಟ್ಟವಳು ಈ ಅಕ್ಕ. “ಸುತ್ತಿಡೋಕೆ ಮುಂಚೆ ಒಂದು ಫೋಟೋ ತಗೊಳ್ಳೋಣ ಬನ್ನಿ,” ಅಂದಳು. “ನೀವು ಬಂದೂಕು ಹಿಡ್ಕೊಳ್ಳಿ, ಕಳ್ಳರ ಸರದಾರಿಣಿ ಥರ. ಹಿಂದೆ ಟೀವಿ ಬರಲಿ.”

ಅಕ್ಕ ಒಲ್ಲೆ ಒಲ್ಲೆ ಅನ್ನುತ್ತಲೇ ಎದ್ದು ನಿಂತಳು. ಟೀವಿಗೆ ಬೆನ್ನು ಮಾಡಿ ಇಬ್ಬರೂ ಕೆನ್ನೆಗೆ ಕೆನ್ನೆ ಸೇರಿಸಿದರು. ಡ್ರೈವರಮ್ಮ ಫೋನನ್ನು ಮುಂದಕ್ಕೆ ಚಾಚಿ, ಇಬ್ಬರ ಮುಖವೂ ಕಾಣುವ ಕ್ಯಾಮೆರಾ ತೆರೆದಳು. ನಗಲು ಹೊರಟವಳು ನಗಲಿಲ್ಲ. ಫೋನನ್ನು ಹತ್ತಿರ ತಂದು ನೋಡಿದಳು.

“ಅಕ್ಕಾ, ನೀವು ಟೀವಿಗೆ ಎಷ್ಟು ದೀಪ ಅಂಟಿಸಿದ್ದೀರಿ?”

“ನಾಲ್ಕು. ಯಾಕೆ?”

“ನನಗೆ ಹದಿನೇಳು ಕಾಣ್ತಿವೆ.”

ಬರಿಗಣ್ಣಿಗೆ ಕಾಣದ ಆ ಬೆಳಕು ಫೋನಿನ ಕಣ್ಣಿಗೆ ನೇರಳೆ ಚುಕ್ಕೆಗಳಾಗಿ ಕಾಣುತ್ತಿತ್ತು. ಟೀವಿಯ ಮೂಲೆಗಳಲ್ಲಿ ನಾಲ್ಕು. ಎಡಗೋಡೆಯಲ್ಲಿ ನಾಲ್ಕು. ಬಲಗೋಡೆಯಲ್ಲಿ ಮೂರು. ಟೀವಿ ಕೂತಿದ್ದ ಮೇಜಿನ ಹೊಟ್ಟೆಯೊಳಗೆ ಎರಡು. ಇನ್ನುಳಿದವು ಎಲ್ಲಿಂದ ಎಲ್ಲಿಗೆ ಪುಟಿದು ಬಂದಿದ್ದವೋ ದೇವರೇ ಬಲ್ಲ.

ಆ ಮನೆಯ ಹಜಾರದಲ್ಲಿ ಹನ್ನೊಂದು ಕನ್ನಡಿಗಳಿದ್ದವು. ನಗಬೇಡಿ. ಕನ್ನಡಿಯವರ ಮನೆಯಲ್ಲಿ ಕನ್ನಡಿ ಎಲ್ಲಿಂದ ಬರುತ್ತದೆ ಎಂದರೆ, ಗಿರಾಕಿ ಬೇಡವೆಂದದ್ದು, ಮೂಲೆ ಮುಕ್ಕಾದದ್ದು, ಆರ್ಡರು ಕೊಟ್ಟವನು ನಾಪತ್ತೆಯಾದದ್ದು, ಎಲ್ಲ ಮೆಟ್ಟಿಲು ಹತ್ತಿ ಮೇಲಕ್ಕೆ ಬರುತ್ತವೆ. ಟೀವಿಯ ಮೇಜಿನ ಹಲಗೆಯೇ ಒಂದು ಕನ್ನಡಿಯಾಗಿತ್ತು. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಕನ್ನಡಿ ಕೆಲಸದವರು ಕನ್ನಡಿಯೊಳಗೆ ನೋಡುವುದಿಲ್ಲ. ಕನ್ನಡಿಯನ್ನು ನೋಡುತ್ತಾರೆ. ಅಂಚು ಸರಿಯಿದೆಯೇ, ಹಿಂಬದಿಗೆ ಲೇಪ ಹಚ್ಚಿದ ಕಡೆ ಗುಳ್ಳೆ ಎದ್ದಿದೆಯೇ, ಗೀಚಿದೆಯೇ, ಅಷ್ಟು. ಒಳಗೆ ಕಾಣುವ ಪ್ರತಿಬಿಂಬ ಕೆಲಸಕ್ಕೆ ಅಡ್ಡಿ. ಅದನ್ನು ಕಣ್ಣಿನಿಂದ ತೆಗೆದುಹಾಕುವುದನ್ನು ತಂದೆ ಮೊದಲ ವರ್ಷವೇ ಕಲಿಸಿದ್ದರು. ಹಾಗಾಗಿ ಹೊಳೆಯುವ ವಸ್ತು ತೆಗೆಯಿರಿ ಎಂದಾಗ ಜಗ್ಗು ಕಂಡಿತು, ಗಡಿಯಾರ ಕಂಡಿತು. ಎದುರಿಗೇ ಇದ್ದ ಹನ್ನೊಂದು ಕನ್ನಡಿಗಳು ಯಾರ ಕಣ್ಣಿಗೂ, ಆ ಮನೆಗೆ ಒಗ್ಗಿಹೋದ ಡ್ರೈವರಮ್ಮನ ಕಣ್ಣಿಗೂ, ಬೀಳಲಿಲ್ಲ.

ಪಾಪ, ಬಂದೂಕಾದರೂ ಏನು ಮಾಡೀತು? ನಾಲ್ಕು ದೀಪ ಹುಡುಕು ಎಂದರೆ ಹದಿನೇಳು ಕೈ ಎತ್ತಿ ನಾನು ನಾನು ಅನ್ನುತ್ತಿದ್ದವು. ಕಿತ್ತಳೆ ಬಂದೂಕಿಗೆ ಆ ತಾಪತ್ರಯವೇ ಇರಲಿಲ್ಲ. ಅದು ಹುಟ್ಟುಕುರುಡು.

ಅಕ್ಕ ಒಂದು ಕ್ಷಣ ಫೋನನ್ನೇ ನೋಡಿದಳು. ಆಮೇಲೆ ಅವಳ ಮುಖದ ಮೇಲೆ ಒಂದು ವಾರದಿಂದ ಕಾಣೆಯಾಗಿದ್ದ ಬಣ್ಣ ಬಂತು.

“ಹೊದಿಕೆ ತಗೊಂಬಾ,” ಅಂದಳು. “ಮನೇಲಿರೋದೆಲ್ಲ ತಗೊಂಬಾ.”

ಹಾಸಿಗೆಯ ಚಾದರ ಬಂತು, ಕಂಬಳಿ ಬಂತು, ಒಗೆಯಲು ಹಾಕಿದ್ದ ಟವೆಲ್ಲು ಬಂತು, ಡ್ರೈವರಮ್ಮನ ಸಮವಸ್ತ್ರದ ಕೋಟು ಬಂತು. ಅಕ್ಕ ಸ್ಟೂಲಿನ ಮೇಲೆ ಹತ್ತಿ ಕನ್ನಡಿಗಳಿಗೆ ಒಂದೊಂದಾಗಿ ಬಟ್ಟೆ ಹೊದಿಸಿದಳು. ಟೀವಿಯ ಮೇಜಿಗೆ ತಮ್ಮನ ಹೊಸ ಪಂಚೆ ಹಾಸಿದರು. ಡ್ರೈವರಮ್ಮ ಫೋನು ಹಿಡಿದು ನಿಂತು, ಬಸ್ಸು ಹಿಂದಕ್ಕೆ ತೆಗೆಸುವವಳಂತೆ “ಇನ್ನೂ ಎಡಕ್ಕೆ, ಇನ್ನೂ, ಸಾಕು” ಎಂದು ಹೇಳುತ್ತಿದ್ದಳು. ಹದಿನೇಳು ಒಂಬತ್ತಾಯಿತು. ಒಂಬತ್ತು ಐದಾಯಿತು. ಆ ಐದನೆಯದು ಎಲ್ಲೋ ಎಂದು ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಬಾಗಿಲ ಮೇಲಿದ್ದ ತಟ್ಟೆಯಗಲದ ಕನ್ನಡಿಗೆ ಒಂದು ಟೋಪಿ ತೊಡಿಸಿದರು. ನಾಲ್ಕು.

ಅಕ್ಕ ಬಂದೂಕು ಎತ್ತಿ ಟೀವಿಯ ಎಡಮೂಲೆಯ ಒಂದು ಚುಕ್ಕೆಗೆ ಹಿಡಿದಳು. ಕುದುರೆ ಎಳೆದಳು. ಗುಂಡು ಹೋಗಿ ಆ ಚುಕ್ಕೆಗೇ ಬಿತ್ತು. ಬಲಮೂಲೆಗೆ ಹಿಡಿದಳು. ಬಲಮೂಲೆಗೇ ಬಿತ್ತು. ಅವಳು ಮೂರನೆಯದನ್ನು ಹೊಡೆಯಲಿಲ್ಲ. ಸೋಫಾದ ಮೇಲೆ ಕೂತು ಕಣ್ಣೀರು ಒರೆಸಿಕೊಂಡಳು. ಡ್ರೈವರಮ್ಮ ಅಡುಗೆಮನೆಯಿಂದ ಒಂದು ಲೋಟ ನೀರು ತಂದು ಕೊಟ್ಟು ಪಕ್ಕದಲ್ಲಿ ಕೂತಳು.

ನಾಲ್ಕು ಗಂಟೆಗೆ ತಮ್ಮ ಬಂದ. ಬಾಗಿಲಲ್ಲೇ ನಿಂತ.

“ಮನೆಗೆ ಸುಣ್ಣ ಬಳಿಸ್ತಿದ್ದೀರಾ?”

“ಹೊಳೆಯೋ ಸಾಮಾನು ಮುಚ್ಚಿದ್ವಿ,” ಅಂದಳು ಡ್ರೈವರಮ್ಮ. ವಿಷಯ ಕೇಳಿ ತಮ್ಮ ಒಂದೊಂದೇ ಚಾದರ ಎಣಿಸಿದ. ತನ್ನ ಪಂಚೆಯನ್ನು ಗುರುತು ಹಿಡಿದ.

“ಮೊದಲು ನೀನು,” ಅಂದಳು ಅಕ್ಕ.

ತಮ್ಮ ಆಡಿದ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಆಡಿದ. ವಾರವಿಡೀ ಆಡಿ ಆಡಿ ಆ ಕಿತ್ತಳೆಯ ಓರೆಕೋರೆಯೆಲ್ಲ ಅವನಿಗೆ ಕರಗತವಾಗಿತ್ತು. ಹತ್ತು ತಟ್ಟೆಗೊಮ್ಮೆ ಗುಂಡಿ ಒತ್ತಿ ಚುಕ್ಕೆಯನ್ನು ನಡುವಿಗೆ ಕರೆಯುತ್ತಿದ್ದ, ತಟ್ಟೆಗಿಂತ ಒಂದು ಗೇಣು ಮುಂದೆ ಗುರಿ ಇಡುತ್ತಿದ್ದ. ನೂರಕ್ಕೆ ಎಪ್ಪತ್ತೊಂದು. ಅವನ ಜೀವನದಲ್ಲೇ ಅತಿ ಹೆಚ್ಚು. ಬಂದೂಕು ಕೆಳಗಿಟ್ಟು ಅಕ್ಕನ ಕಡೆ ನೋಡಿದ. ಆ ನೋಟದಲ್ಲಿ ಗೆದ್ದ ಖುಷಿಗಿಂತ ಮುಜುಗರವೇ ಹೆಚ್ಚಿತ್ತು.

ಅಕ್ಕ ಎದ್ದಳು. ಮೊದಲ ತಟ್ಟೆ ಹಾರಿತು. ಹೊಡೆದಳು, ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದು, ನಾಲ್ಕನೆಯದು. ಡ್ರೈವರಮ್ಮ ಉಗುರು ಕಚ್ಚತೊಡಗಿದಳು.

ಆದರೆ ಅಕ್ಕ ಗಾಬರಿಯಾಗಲಿಲ್ಲ. ಯಾಕೆಂದರೆ ನಾಲ್ಕು ಗುಂಡುಗಳೂ ತಟ್ಟೆಯ ಎಡಕ್ಕೆ, ಒಂದೇ ಕಡೆ, ಒಂದೇ ದೂರದಲ್ಲಿ ಹೋಗಿದ್ದವು. ಮೊನ್ನೆಯವರೆಗೆ ಗುಂಡು ದಿಕ್ಕು ದಿಕ್ಕಿಗೆ ಚೆದುರುತ್ತಿತ್ತು, ಯಾರನ್ನು ಬೈಯಬೇಕೆಂದೇ ತಿಳಿಯುತ್ತಿರಲಿಲ್ಲ. ಈಗ ತಪ್ಪು ಯಾರದೆಂದು ಬೆರಳು ಮಾಡಿ ತೋರಿಸುವಷ್ಟು ಸ್ಪಷ್ಟವಾಗಿತ್ತು. ಅವಸರಕ್ಕೆ ಕುದುರೆಯನ್ನು ಜಗ್ಗುತ್ತಿದ್ದಾಳೆ, ಮಣಿಕಟ್ಟು ಎಡಕ್ಕೆ ಹೊರಳುತ್ತಿದೆ. ಗಾಲಿ ಹಿಡಿದ ಮೊದಲ ವರ್ಷ ತಂದೆಯಿಂದ ಬೈಸಿಕೊಂಡ ತಪ್ಪೇ ಅದು. ತನ್ನ ತಪ್ಪಾದರೆ ತಿದ್ದಿಕೊಳ್ಳಬಹುದು. ಆ ಬಂದೂಕಿಗೆ ಸುರಿದ ಹಣವೆಲ್ಲ ಅವಳಿಗೆ ಆ ಕ್ಷಣದಲ್ಲಿ ವಸೂಲಾಯಿತು.

ಉಸಿರು ಅರ್ಧ ಬಿಟ್ಟು ನಿಲ್ಲಿಸಿದಳು, ಗೀರು ಎಳೆಯುವ ಮುಂಚೆ ನಿಲ್ಲಿಸುವಂತೆ. ಐದನೇ ತಟ್ಟೆ ಚೂರಾಯಿತು. ಆರು, ಏಳು, ಎಂಟು. ಜೋಡಿ ತಟ್ಟೆಗಳು ಬಂದವು, ಜೋಡಿಯಾಗಿ ಒಡೆದವು. ಅಂಗೈಗೆ ಬಂದೂಕು ಒದೆಯುತ್ತಿತ್ತು, ಅವಳ ಕಾಲು ನೆಲ ಕಚ್ಚಿ ನಿಂತಿತ್ತು. ಮೂವತ್ತರ ಹೊತ್ತಿಗೆ ಅವಳು ಗುರಿ ಇಡುವುದನ್ನೇ ಬಿಟ್ಟಿದ್ದಳು. ನೋಡುತ್ತಿದ್ದಳು, ಒಡೆಯುತ್ತಿತ್ತು. ಐವತ್ತಕ್ಕೆ ಡ್ರೈವರಮ್ಮ ಉಗುರು ಬಿಟ್ಟು ಎದ್ದು ನಿಂತಳು. ಎಪ್ಪತ್ತೆರಡನೆಯದು ಒಡೆದಾಗ ತಮ್ಮ ಉಸಿರು ಬಿಟ್ಟದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ಇನ್ನೂ ತಟ್ಟೆಗಳಿದ್ದವು. ಇಪ್ಪತ್ತರ ಪ್ರಾಯದಲ್ಲೂ ಅವಳು ಹೀಗೆ ಹೊಡೆದಿರಲಿಲ್ಲ.

ತೊಂಬತ್ತಮೂರು.

ಡ್ರೈವರಮ್ಮ ಅಕ್ಕನನ್ನು ತಬ್ಬಿಕೊಂಡು ಎತ್ತಿಯೇ ಬಿಟ್ಟಳು. ಒಂದು ಚಾದರ ಕಳಚಿ ಬಿತ್ತು, ಯಾರೂ ಅದನ್ನು ನೋಡಲಿಲ್ಲ.

ತಮ್ಮ ತಲೆ ಕೆರೆದುಕೊಂಡ. “ಗೆದ್ದೆ, ಒಪ್ಪಿದೆ. ಮೇಜು ನಿನ್ನದು, ಮಾತು ಮಾತೇ. ಆದ್ರೆ ಅಕ್ಕ, ಬೇಜಾರು ಮಾಡ್ಕೋಬೇಡ. ಕೈ ಇಷ್ಟು ನೆಟ್ಟಗಿದೆ. ಹಾಗಾದ್ರೆ ಆ ಎರಡು ಕನ್ನಡಿ ಯಾಕೆ ಗಿಡ್ಡ ಆದ್ವು?”

ಒಂದು ಗಂಟೆ ಮೊದಲಾಗಿದ್ದರೆ ಈ ಪ್ರಶ್ನೆಗೆ ಅವಳು ತಲೆ ತಗ್ಗಿಸುತ್ತಿದ್ದಳು. ಈಗ ಬಂದೂಕನ್ನು ಮೆಲ್ಲಗೆ ಸೋಫಾದ ಮೇಲಿಟ್ಟು, “ಒಂದು ವಾರ ನನ್ನ ಕಣ್ಣನ್ನೇ ಬೈದೆ. ಇನ್ನು ಬೈಯಲ್ಲ. ಬಾ ಕೆಳಗೆ,” ಅಂದಳು.

ಮೂವರೂ ಅಂಗಡಿಗೆ ಇಳಿದರು. ಅಕ್ಕ ದೀಪ ಹಾಕಿ ಮೇಜಿನ ಮುಂದೆ ನಿಂತು ಯೋಚಿಸಿದಳು. ಸಣ್ಣ ಕೆಲಸಕ್ಕೆಲ್ಲ ತಂದೆಯ ಕಾಲದ ಉಕ್ಕಿನ ಪಟ್ಟಿ ಬಳಸುತ್ತಾಳೆ. ಸಣ್ಣವು ಯಾವುದೂ ಕೆಟ್ಟಿಲ್ಲ. ಆಳೆತ್ತರದ್ದಕ್ಕೆ ಪಟ್ಟಿ ಸಾಲದು, ಸುರುಳಿ ಟೇಪು ಬೇಕು. ಹೋದ ತಿಂಗಳು ಆಳೆತ್ತರದವು ಬಂದದ್ದು ಎರಡೇ. ಟೇಪನ್ನು ಎಳೆದು ಉಕ್ಕಿನ ಪಟ್ಟಿಯ ಪಕ್ಕಕ್ಕೆ ಹಾಸಿದಳು. ತುದಿಯ ಕೊಕ್ಕೆ ಒಳಕ್ಕೆ ಬಾಗಿತ್ತು. ಪಟ್ಟಿಯ ಗೆರೆಗೂ ಟೇಪಿನ ಗೆರೆಗೂ ನಡುವೆ ಒಂದೂವರೆ ನೂಲು, ಅಂದರೆ ಅರ್ಧ ಸೆಂಟಿಮೀಟರಿನಷ್ಟು, ಅಂತರ. ದರ್ಜಿಯ ಕನ್ನಡಿ ಅಷ್ಟೇ ಗಿಡ್ಡವಾಗಿತ್ತು, ಕ್ಷೌರದವನದೂ ಅಷ್ಟೇ.

“ಈ ಟೇಪು ಎಲ್ಲಿಂದ ತಂದೆ?” ಕೇಳಿದಳು.

ತಮ್ಮನ ಕಿವಿ ಕೆಂಪಾಗಿತ್ತು.

“ಹೋದ ತಿಂಗಳು, ಮೂರು ತಗೊಂಡ್ರೆ ಒಂದರ ದುಡ್ಡು ಅಂತ ತಂದಿದ್ರು,” ಅಂದಳು ಡ್ರೈವರಮ್ಮ. “ಇನ್ನೆರಡು ಡ್ರಾಯರಲ್ಲಿವೆ.”

ಅವನು ತಾನೇ ಹೋಗಿ ಆ ಎರಡನ್ನೂ ತೆಗೆದು, ಮೇಜಿನ ಮೇಲಿದ್ದದ್ದನ್ನೂ ಸೇರಿಸಿ, ಒಡೆದ ಗಾಜು ಹಾಕುವ ಡಬ್ಬಕ್ಕೆ ಹಾಕಿದ. ಅಕ್ಕನ ಎದುರಿಗೆ ಬಂದು ನಿಂತ. “ನಾನು ನಿನ್ನ ಕಣ್ಣಿಗೆ ವಯಸ್ಸಾಯ್ತು ಅಂದೆ,” ಅಂದ. ಅಕ್ಕ ಅವನ ತಲೆಗೆ ಮೆಲ್ಲಗೆ ಒಂದು ಮೊಟಕಿದಳು, ಚಿಕ್ಕವನಿದ್ದಾಗ ಮೊಟಕುತ್ತಿದ್ದ ಹಾಗೆ. ಅಲ್ಲಿಗೆ ಆ ವ್ಯವಹಾರ ಮುಗಿಯಿತು. ಆಟದ ಅಂಗಡಿ ಆರು ಗಂಟೆಗೆ ಮುಚ್ಚಿದಾಗ ಅವರು ಮೂವರೂ ಮೇಲೆ ಎರಡನೇ ಸುತ್ತು ಆಡುತ್ತಿದ್ದರು. ತಮ್ಮ ದುಬಾರಿ ಬಂದೂಕು ಹಿಡಿದು ಎಂಬತ್ತು ಹೊಡೆದು, ಅದನ್ನು ಯಾರಿಗೂ ಕೊಡಲೊಲ್ಲದೆ ಜಗಳ ತೆಗೆದಿದ್ದ.

ಸೋಮವಾರ ಬೆಳಿಗ್ಗೆ ಅಕ್ಕ ದರ್ಜಿಯ ಕನ್ನಡಿಯನ್ನು ಹೊಸದಾಗಿ ಕೊಯ್ಯಲು ನಿಂತಿದ್ದಳು. ಹಾಳೆ ಹಾಸಿ, ತಮ್ಮ ಬೆಳಗಾಗುತ್ತಲೇ ತಂದಿದ್ದ ಒಳ್ಳೆಯ ಟೇಪಿನಿಂದ ಒಂದೇ ಸಲ ಅಳೆದು, ಗಾಲಿ ಇಟ್ಟು ಗೀರು ಎಳೆಯತೊಡಗಿದ್ದಳು. ಕೌಂಟರಿನಲ್ಲಿ ಫೋನು ಬಡಿದುಕೊಂಡಿತು. ಬರುವ ತಿಂಗಳಿಂದ ಕೆಲಸ ಕಳಿಸುತ್ತೀರಲ್ಲ ಎಂದು ವಿಚಾರಿಸಲು ಯಂತ್ರದವರು ಮಾಡಿದ್ದರು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ತಮ್ಮ ಅವರಿಗೂ ಕೇಳಿಸುವಂತೆ ಗಟ್ಟಿಯಾಗಿಯೇ ಹೇಳಿದ.

“ಬೇಡ ಸ್ವಾಮಿ. ನಮ್ಮಲ್ಲಿ ಅಕ್ಕ ಇದ್ದಾಳೆ... ಹೌದು, ಕೈಯಲ್ಲೇ... ಸ್ವಲ್ಪ ದುಬಾರಿ, ಬಾಯಿ ಜೋರು, ಅದೂ ನಿಜ. ಆದ್ರೆ ಇಟ್ಟ ಗುರಿಗೇ ಹೋಗುತ್ತೆ.”

ಗೀರು ಅರ್ಧಕ್ಕೆ ಬಂದಿತ್ತು. ನಡುವೆ ಕೈ ನಿಲ್ಲಿಸಿದರೆ ಗಾಜು ಕೆಡುತ್ತದೆ. ಅಕ್ಕ ತಲೆ ಎತ್ತಲಿಲ್ಲ, ಅಂಚಿನ ತನಕ ನೆಟ್ಟಗೆ ಎಳೆದು ಗಾಲಿಯನ್ನು ಕೆಳಗಿಟ್ಟಳು. ಆಮೇಲೆ ಬಾಯಿ ತುಂಬ ನಕ್ಕಳು.